ಹದಿನಾಲ್ಕು ವರ್ಷದ ಕಾರಿಗೆ ಆಕ್ಸಿಜನ್ ಸೆನ್ಸರ್: ಮನೆಯಲ್ಲೇ ಹಾಕಬಹುದಾ, ಗ್ಯಾರೇಜಿಗೇ ಬಿಡಬೇಕಾ?

ಸಾಲಗಾಮೆ_ರೋಡ್ (ಹಾಸನ)
ಎಲ್ಲರಿಗೂ ನಮಸ್ಕಾರ. ನನ್ನದು 2011ರ ಪೆಟ್ರೋಲ್ ಕಾರು. 1200 ಸಿಸಿ, ನಾಲ್ಕು ಸಿಲಿಂಡರ್, 94,000 ಕಿಲೋಮೀಟರ್ ಓಡಿದೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ಹೋದ ಸಲ ಹೆಸರು ಹಾಕಿದ್ದಕ್ಕೆ ನನ್ನ ಪ್ರಶ್ನೆ ಬಿಟ್ಟು ಮೂರು ದಿನ ಬೇರೆಯೇ ಜಗಳ ನಡೆಯಿತು.

ಹಾಸನಾಂಬ ದರ್ಶನದ ವಾರ ಚೆಕ್ ಎಂಜಿನ್ ಲೈಟ್ ಹತ್ತಿತು, ಇವತ್ತಿನವರೆಗೂ ಆರಿಲ್ಲ. 16 ಕೊಡುತ್ತಿದ್ದ ಮೈಲೇಜ್ 12ಕ್ಕೆ ಬಂದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿ, ಆಕ್ಸಿಜನ್ ಸೆನ್ಸರ್ ಹೋಗಿದೆ, ಎರಡೂ ಬದಲಾಯಿಸಬೇಕು, ಲೇಬರ್ ಎಲ್ಲ ಸೇರಿ 13,500 ಆಗುತ್ತದೆ ಅಂದರು. ಮುಂದಿನ ವರ್ಷ ಗಾಡಿಗೆ 15 ತುಂಬುತ್ತದೆ, ಆರ್‌ಸಿ ರಿನ್ಯೂ ಮಾಡಿಸುವ ಖರ್ಚು ಬೇರೆ ಇದೆ. ನನ್ನ ಹತ್ತಿರ ಒಂದು ಸ್ಪ್ಯಾನರ್ ಸೆಟ್, ಜಾಕ್, ಒಂದು ಮಲ್ಟಿಮೀಟರ್ ಇದೆ. ಆಯಿಲ್, ಪ್ಲಗ್ ನಾನೇ ಬದಲಾಯಿಸುತ್ತೇನೆ. ಇದನ್ನು ಮನೆಯಲ್ಲೇ ಮಾಡಬಹುದಾ? ಎರಡೂ ಹೋಗಿರುವುದು ನಿಜಾನಾ?

ಆಲೂರು_ಆಲೂಗಡ್ಡೆ
ಹಾಸನಾಂಬ ಬಾಗಿಲು ತೆರೆದಿರುವಾಗ ಹಾಸನದಲ್ಲಿ ಯಾರ ಗಾಡಿಗೂ ಮೈಲೇಜ್ ಬರುವುದಿಲ್ಲ ಅಣ್ಣ. ಎನ್.ಆರ್. ಸರ್ಕಲ್ ದಾಟುವಷ್ಟರಲ್ಲಿ ಅರ್ಧ ಲೀಟರ್ ಮುಗಿದಿರುತ್ತದೆ.

ಮೂಡಿಗೆರೆ_ಜೀಪು
ಇದಕ್ಕೇ ನಾನು ಹಳೇ ಡೀಸೆಲ್ ಜೀಪು ಬಿಡುವುದಿಲ್ಲ ಅನ್ನುವುದು. ಸೆನ್ಸರ್ ಇಲ್ಲ, ಲೈಟ್ ಇಲ್ಲ. ಹೊಗೆ ಕಪ್ಪಾದರೆ ಏನೋ ಆಗಿದೆ ಅಂತ ಅರ್ಥ, ಬಿಳಿ ಬಂದರೆ ಇನ್ನೇನೋ ಆಗಿದೆ ಅಂತ ಅರ್ಥ.

ರೊಬಸ್ಟಾ_ರಾಣಿ (ಸಕಲೇಶಪುರ)
@ಮೂಡಿಗೆರೆ_ಜೀಪು, ನಿಮ್ಮ ಜೀಪಿನ ಹಿಂದೆ ಘಾಟಿ ಹತ್ತಿದವರನ್ನು ಒಮ್ಮೆ ಕೇಳಿ.

ಸಾಲಗಾಮೆ ಅವರೇ, ಖಂಡಿತ ಮಾಡಬಹುದು. ನನ್ನ ಗಾಡಿಗೆ ಹೋದ ವರ್ಷ ನಾನೇ ಹಾಕಿದೆ. ಆದರೆ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಸ್ಕ್ಯಾನರಲ್ಲಿ ಬಂದ ಕೋಡ್ ನಂಬರ್ ಯಾವುದು ಅಂತ ಕೇಳಿ. "ಸೆನ್ಸರ್ ಹೋಗಿದೆ" ಅನ್ನುವುದು ಕೋಡ್ ಅಲ್ಲ, ಅದು ಅವರ ತೀರ್ಮಾನ.

ಸಾಲಗಾಮೆ_ರೋಡ್
ಅಕ್ಕ, ಚೀಟಿಯಲ್ಲಿ ಬರೆದು ಕೊಟ್ಟಿದ್ದರು, ಈಗ ನೋಡಿದೆ. ಪಿ0135. ಅದೊಂದೇ.

ಮೀಟರ್_ಮೇಷ್ಟ್ರು (ಚಿಕ್ಕಮಗಳೂರು)
ಪಿ0135 ಅಂದರೆ ಬ್ಯಾಂಕ್ 1, ಸೆನ್ಸರ್ 1, ಹೀಟರ್ ಸರ್ಕ್ಯೂಟ್. ಇದರಲ್ಲಿ ಮೂರು ವಿಷಯ ಇದೆ.

ಒಂದು, ನಿಮ್ಮದು ಸಾಲಾಗಿ ನಿಂತ ನಾಲ್ಕು ಸಿಲಿಂಡರ್, ಹಾಗಾಗಿ ಬ್ಯಾಂಕ್ (ಸಿಲಿಂಡರ್ ಸಾಲು) ಒಂದೇ. ಬ್ಯಾಂಕ್ 2 ಇರುವುದು ವಿ ಆಕಾರದ ಎಂಜಿನ್‌ಗಳಲ್ಲಿ. ಸೆನ್ಸರ್ 1 ಅಂದರೆ ಎಂಜಿನ್ ಕಡೆಯದ್ದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ ಇರುವುದು. ಅದರ ಆಚೆ ಇರುವುದು ಸೆನ್ಸರ್ 2. ಅದರ ಹೀಟರ್ ಹೋಗಿದ್ದರೆ ಪಿ0141 ಬರಬೇಕಿತ್ತು, ಬಂದಿಲ್ಲ. ಮತ್ತೆ ಎರಡೂ ಯಾಕೆ ಬದಲಾಯಿಸಬೇಕು?

ಇನ್ನೊಂದು, ಈ ಸೆನ್ಸರ್ ತಣ್ಣಗಿದ್ದಾಗ ಕೆಲಸ ಮಾಡುವುದಿಲ್ಲ. ಒಳಗಿರುವ ಜಿರ್ಕೋನಿಯಾ ಪಿಂಗಾಣಿ 300 ಡಿಗ್ರಿ ದಾಟಿದ ಮೇಲೆಯೇ ಸರಿಯಾದ ವೋಲ್ಟೇಜ್ ಕೊಡುವುದು. ಹೊಗೆಯ ಬಿಸಿಗೆ ಕಾಯುತ್ತಾ ಕೂತರೆ ತಡ ಅಂತ ಒಳಗೆ ಒಂದು ಸಣ್ಣ ಹೀಟರ್ ಇಟ್ಟಿರುತ್ತಾರೆ. ಅದು ಸತ್ತರೆ ಸೆನ್ಸರ್ ಏಳುವವರೆಗೆ ಇಸಿಯು (ಎಂಜಿನ್ ಕಂಪ್ಯೂಟರ್) ಕಣ್ಣು ಮುಚ್ಚಿಕೊಂಡು ಅಂದಾಜಿನಲ್ಲಿ ಪೆಟ್ರೋಲ್ ಬಿಡುತ್ತದೆ, ಅದೂ ಸ್ವಲ್ಪ ಜಾಸ್ತಿಯೇ. ನೀವು ದಿನಾ ಎಷ್ಟು ದೂರ ಓಡಿಸುತ್ತೀರಿ?

ಕೊನೆಯದು, ಕೋಡಿನಲ್ಲಿ "ಸರ್ಕ್ಯೂಟ್" ಅಂತ ಇದೆ. ಸೆನ್ಸರ್ ಅಂತ ಇಲ್ಲ. ಫ್ಯೂಸ್ ಹೋಗಿರಬಹುದು, ವೈರ್ ತುಂಡಾಗಿರಬಹುದು, ಕಪ್ಲರಿಗೆ (ವೈರ್ ಜೋಡಿಸುವ ಪ್ಲಗ್ಗಿಗೆ) ಪಾಚಿ ಹಿಡಿದಿರಬಹುದು. ನಲವತ್ತು ರೂಪಾಯಿಯ ಫ್ಯೂಸಿಗೆ ಸಾವಿರಾರು ರೂಪಾಯಿಯ ಸೆನ್ಸರ್ ಹಾಕಿಸಿಕೊಂಡವರನ್ನು ನಾನು ನೋಡಿದ್ದೇನೆ.

ಬೇಲೂರು_ಬೈಪಾಸ್
ಇಲಿ. ನೂರಕ್ಕೆ ನೂರು ಇಲಿ.

ಸಾಲಗಾಮೆ_ರೋಡ್
ಮೇಷ್ಟ್ರೇ, ದಿನಾ ಸಾಲಗಾಮೆ ರೋಡಿಂದ ಬಿ.ಎಂ. ರೋಡಿನ ಆಫೀಸಿಗೆ, ಮಧ್ಯೆ ಕಟ್ಟಿನಕೆರೆ ಮಾರ್ಕೆಟ್ ಕಡೆ ಒಂದು ಸುತ್ತು. ಹೆಚ್ಚೆಂದರೆ ಮೂರ್ನಾಲ್ಕು ಕಿಲೋಮೀಟರ್.

ಮೀಟರ್_ಮೇಷ್ಟ್ರು
ಅಲ್ಲೇ ಇದೆ ಉತ್ತರ. ಸೆನ್ಸರ್ ಬಿಸಿಯಾಗುವಷ್ಟರಲ್ಲಿ ನೀವು ಆಫೀಸಲ್ಲಿ ಇರುತ್ತೀರಿ. ಬೆಂಗಳೂರಿಗೆ ಹೋಗಿ ಬನ್ನಿ, ಮೈಲೇಜ್ ಅಷ್ಟೊಂದು ಬಿದ್ದಿರುವುದಿಲ್ಲ.

ಅರಸೀಕೆರೆ_ತೆಂಗು
ಇಷ್ಟೆಲ್ಲ ಯಾಕೆ, ಎಲ್ಲ ಇ20, ಎಥನಾಲ್ ಬೆರೆಸಿದ ಪೆಟ್ರೋಲಿನ ಕರಾಮತ್ತು. 2011ರ ಗಾಡಿಗೆ ಅದು ಆಗಿಬರುವುದಿಲ್ಲ. ನನ್ನದೂ ಮೈಲೇಜ್ ಬಿದ್ದಿದೆ. ಸೆನ್ಸರ್ ಬದಲಾಯಿಸಿದರೂ ಏನೂ ಆಗುವುದಿಲ್ಲ, ಬರೆದಿಟ್ಟುಕೊಳ್ಳಿ.

ಕೆಎ18_ಹಳೇಗಾಡಿ
ಎಲ್ಲದಕ್ಕೂ ಇ20 ಅನ್ನುವುದು ಈಗ ಫ್ಯಾಶನ್ ಆಗಿದೆ. ಲೆಕ್ಕ ಹಾಕಿ ನೋಡಿ. ಎಥನಾಲಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. 20 ಶೇಕಡಾ ಬೆರೆಸಿದರೆ ಒಟ್ಟು ಆರೇಳು ಶೇಕಡಾ ಕಮ್ಮಿ ಆಗಬೇಕು, ಅದೂ ಮೊದಲು ಶುದ್ಧ ಪೆಟ್ರೋಲ್ ಹಾಕುತ್ತಿದ್ದರೆ. ನಾವು ಅದಕ್ಕೂ ಮುಂಚೆ ಇ10 ಹಾಕುತ್ತಿದ್ದೆವು, ಹಾಗಾಗಿ ವ್ಯತ್ಯಾಸ ಮೂರ್ನಾಲ್ಕು ಶೇಕಡಾ. ಇವರದ್ದು 16ರಿಂದ 12. ಅಂದರೆ ಕಾಲು ಭಾಗ ಹೋಯಿತು. ಪೆಟ್ರೋಲೊಂದೇ ಅಷ್ಟು ತಿನ್ನುವುದಿಲ್ಲ.

ಅರಸೀಕೆರೆ_ತೆಂಗು
ಪುಸ್ತಕದ ಲೆಕ್ಕ ಬೇರೆ, ಬಂಕಿನ ಲೆಕ್ಕ ಬೇರೆ ಸ್ವಾಮಿ. ರಬ್ಬರ್ ಪೈಪ್ ಮೆತ್ತಗಾಗುವುದು, ಟ್ಯಾಂಕಲ್ಲಿ ನೀರು ಸೇರುವುದು ಇದೆಲ್ಲ ನಿಮ್ಮ ಲೆಕ್ಕದಲ್ಲಿ ಬರುತ್ತದಾ?

ಕೆಎ18_ಹಳೇಗಾಡಿ
ಪೈಪ್ ವಿಷಯ ಒಪ್ಪುತ್ತೇನೆ, ಹಳೇ ಗಾಡಿಯವರು ಅದನ್ನು ನೋಡಿಕೊಳ್ಳಲೇಬೇಕು. ಆದರೆ ಪೈಪ್ ಮೆತ್ತಗಾದರೆ ಹೀಟರ್ ಸರ್ಕ್ಯೂಟ್ ಕೋಡ್ ಬರುವುದಿಲ್ಲ. ಅಷ್ಟೇ ನಾನು ಹೇಳುತ್ತಿರುವುದು.

ಹೊಸಬ_ಹಾಸನ್
ಕ್ಷಮಿಸಿ, ಈ ಸೆನ್ಸರ್ ಮಾಡುವ ಕೆಲಸವಾದರೂ ಏನು? ಆಕ್ಸಿಜನ್ ಅಂದರೆ ನನಗೆ ಆಸ್ಪತ್ರೆಯೇ ನೆನಪಾಗುತ್ತದೆ.

ರೊಬಸ್ಟಾ_ರಾಣಿ
ಒಲೆಗೆ ಹೋಲಿಸಿ. ಗಾಳಿ ಕಮ್ಮಿ ಆದರೆ ಹೊಗೆ, ಜಾಸ್ತಿ ಆದರೆ ಸೌದೆ ಬೇಗ ಉರಿದು ಹೋಗುತ್ತದೆ. ಎಂಜಿನಲ್ಲೂ ಹಾಗೇ, ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಬೇಕು. ಸುಟ್ಟ ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ಮೂಗಿಟ್ಟು ನೋಡಿ ಇಸಿಯುಗೆ ಚಾಡಿ ಹೇಳುವುದು ಈ ಸೆನ್ಸರ್. ಪೆಟ್ರೋಲ್ ಜಾಸ್ತಿ ಇದ್ದರೆ 0.9 ವೋಲ್ಟ್ ಹತ್ತಿರ, ಗಾಳಿ ಜಾಸ್ತಿ ಇದ್ದರೆ 0.1 ವೋಲ್ಟ್. ಇಸಿಯು ಅದನ್ನು ನೋಡಿ ಪೆಟ್ರೋಲ್ ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಎರಡನೇ ಸೆನ್ಸರ್ ಕನ್ವರ್ಟರ್ ಕೆಲಸ ಮಾಡುತ್ತಿದೆಯಾ ಅಂತ ಕಾವಲು ಕಾಯುತ್ತದೆ.

ಕೆಎ18_ಹಳೇಗಾಡಿ
ಇದು ಹೊಸ ತಂತ್ರ ಏನಲ್ಲ. 1976ರಲ್ಲೇ ಬಾಷ್‌ನವರ ಸೆನ್ಸರ್ ವೋಲ್ವೋ ಕಾರಲ್ಲಿ ಬಂದಿತ್ತು. ನಮ್ಮಲ್ಲಿ ಆಗ ಅಂಬಾಸಿಡರ್ ಚೋಕ್ ಎಳೆಯುತ್ತಾ ಕೂತಿದ್ದೆವು.

ಕೊಪ್ಪದ_ಮಳೆ
ಬದಲಾಯಿಸುವುದೆಲ್ಲ ಯಾಕೆ ಮಾರಾಯ್ರೆ, ಬಿಚ್ಚಿ ಪೆಟ್ರೋಲಲ್ಲಿ ಒಂದು ರಾತ್ರಿ ನೆನೆಸಿ, ವೈರ್ ಬ್ರಷ್ಷಲ್ಲಿ ಉಜ್ಜಿ ಹಾಕಿ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುವುದು.

ಮೀಟರ್_ಮೇಷ್ಟ್ರು
ದಯವಿಟ್ಟು ಬೇಡ. ತುದಿಯಲ್ಲಿ ಪ್ಲಾಟಿನಂ ಲೇಪನ ಇರುತ್ತದೆ, ಉಜ್ಜಿದರೆ ಕಥೆ ಮುಗಿಯಿತು. ಮತ್ತೆ ಇವರದ್ದು ಹೀಟರ್ ಸಮಸ್ಯೆ. ಬಲ್ಬು ಸುಟ್ಟುಹೋದ ಮೇಲೆ ಗಾಜು ತೊಳೆದರೆ ಬೆಳಕು ಬರುತ್ತದಾ?

ಸಾಲಗಾಮೆ ಅವರೇ, ಮಲ್ಟಿಮೀಟರ್ ಇದೆ ಅಂದಿರಲ್ಲ, ಹತ್ತು ನಿಮಿಷದ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಂದಿನ ಸೆನ್ಸರಿನ ಕಪ್ಲರ್ ಬಿಚ್ಚಿ. ನಾಲ್ಕು ವೈರ್ ಇರುತ್ತವೆ. ಅದರಲ್ಲಿ ಒಂದೇ ಬಣ್ಣದ ಎರಡು ವೈರ್ ಹೀಟರಿನದ್ದು. ಕೆಲವು ಕಂಪನಿಯ ಸೆನ್ಸರಲ್ಲಿ ಎರಡು ಬಿಳಿ, ಕೆಲವದರಲ್ಲಿ ಎರಡು ಕಪ್ಪು. ಸೆನ್ಸರ್ ಕಡೆಯ ಆ ಎರಡರ ಮಧ್ಯೆ ಓಮ್ ನೋಡಿ. ಸಾಮಾನ್ಯವಾಗಿ 20 ಓಮ್ ಒಳಗೆ ಬರಬೇಕು. ಮೀಟರ್ ಕದಲದೇ ಇದ್ದರೆ ಹೀಟರ್ ಒಳಗೆ ತುಂಡಾಗಿದೆ. ಹಾಗೇ ಗಾಡಿ ಕಡೆಯ ಕಪ್ಲರಿಗೆ 12 ವೋಲ್ಟ್ ಬರುತ್ತಿದೆಯಾ ನೋಡಿ. ಎಷ್ಟೋ ಗಾಡಿಯಲ್ಲಿ ಬರೀ ಕೀ ಆನ್ ಮಾಡಿದರೆ ಬರುವುದಿಲ್ಲ, ಎಂಜಿನ್ ಸ್ಟಾರ್ಟ್ ಮಾಡಿ ನೋಡಬೇಕು. ಬರದಿದ್ದರೆ ಮೊದಲು ಫ್ಯೂಸ್.

ಬೇಲೂರು_ಬೈಪಾಸ್
ಫ್ಯೂಸ್ ನೋಡುವಾಗ ಇಲಿ ಹಿಕ್ಕೆ ಇದೆಯಾ ಅದನ್ನೂ ನೋಡಿ.

ಸಾಲಗಾಮೆ_ರೋಡ್
ನೋಡಿದೆ. ಮುಂದಿನ ಸೆನ್ಸರ್ ಹೀಟರ್: ಮೀಟರ್ ಅಲ್ಲಾಡಲೇ ಇಲ್ಲ. ಹಿಂದಿನದ್ದು: 11 ಓಮ್. ಗಾಡಿ ಕಡೆ ವೋಲ್ಟೇಜ್ ಸರಿಯಾಗಿ ಬರುತ್ತಿದೆ, ಫ್ಯೂಸ್ ಚೆನ್ನಾಗಿದೆ. ಇಲಿ ಇಲ್ಲ. ಅಂದರೆ ಒಂದೇ ಸೆನ್ಸರ್ ಹೋಗಿರುವುದು, ಅಲ್ವಾ? ಎರಡು ಯಾಕೆ ಹೇಳಿದರು ಹಾಗಾದರೆ? ಸುಮ್ನೆ ಬಿಲ್ ಏರಿಸುವುದಕ್ಕಾ?

ಸ್ಪ್ಯಾನರ್_13
ನಾನು ಹದಿನೆಂಟು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ, ಹಾಸನದಲ್ಲೇ. ಒಂದು ಮಾತು ಹೇಳಲೇಬೇಕು. ಎರಡೂ ಹಾಕಿ ಅನ್ನುವವರೆಲ್ಲ ಕಳ್ಳರಲ್ಲ. ಒಂದು ಹಾಕಿ ಕಳಿಸುತ್ತೇವೆ, ಮೂರು ತಿಂಗಳಿಗೆ ಇನ್ನೊಂದು ಹೋಗುತ್ತದೆ, ಮತ್ತೆ ಅದೇ ಲೈಟ್. ಗಿರಾಕಿ ಬಂದು ಏನನ್ನುತ್ತಾನೆ? "ಮೊನ್ನೆ ತಾನೇ ಅಷ್ಟು ದುಡ್ಡು ಕಿತ್ತುಕೊಂಡೆಯಲ್ಲ, ಇದೇನು?" ಅವನಿಗೆ ಮುಂದಿನದು ಹಿಂದಿನದು ಗೊತ್ತಿಲ್ಲ, ಲೈಟ್ ಒಂದೇ ಗೊತ್ತು. ಲೈಟ್ ಹತ್ತಿದರೆ ಬೈಗುಳ ನಮಗೆ.

ಇನ್ನೊಂದು, ತುಕ್ಕು ಹಿಡಿದ ಸೆನ್ಸರ್ ಬಿಚ್ಚುವಾಗ ಥ್ರೆಡ್ ಹೋದರೆ ಮ್ಯಾನಿಫೋಲ್ಡ್ (ಎಂಜಿನ್ನಿಂದ ಹೊಗೆ ಹೊರಬರುವ ಪೈಪ್) ಬಿಚ್ಚಿ ಲೇತ್ ಅಂಗಡಿಗೆ ಹೊರಬೇಕು. ಆ ರಿಸ್ಕ್ ಕೂಡ ನಮ್ಮ ಲೇಬರಲ್ಲಿ ಸೇರಿರುತ್ತದೆ. ಮನೆಯಲ್ಲಿ ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅರ್ಧ ಕಿತ್ತು ಹಾಕಿ ಟೋ ಮಾಡಿಸಿಕೊಂಡು ಬಂದವರನ್ನು ನಾನು ತುಂಬಾ ನೋಡಿದ್ದೇನೆ.

ರೊಬಸ್ಟಾ_ರಾಣಿ
ನ್ಯಾಯವಾದ ಮಾತು. ಆದರೆ ಅಣ್ಣ, ಅದನ್ನೇ ಗಿರಾಕಿಗೆ ಹೇಳಬಹುದಲ್ವಾ? "ಈಗ ಒಂದೇ ಹೋಗಿದೆ, ಇನ್ನೊಂದು ಇವತ್ತೋ ನಾಳೆಯೋ, ನಿಮ್ಮಿಷ್ಟ" ಅಂತ. ಹನ್ನೊಂದು ಓಮ್ ತೋರಿಸುವ ಸೆನ್ಸರನ್ನು "ಹೋಗಿದೆ" ಅಂದರೆ ಅದು ಬೇರೆ ಮಾತಾಯಿತು.

ಸ್ಪ್ಯಾನರ್_13
ಅದು ಸರಿ ಅಕ್ಕ. ಅಲ್ಲಿ ತಪ್ಪಿದೆ.

ಗೊರೂರು_ಡ್ಯಾಮ್
ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಎರಡನೇ ಸೆನ್ಸರ್ ತೆಗೆದು ಅದರ ಕೆಳಗೆ ಒಂದು ಸ್ಪೇಸರ್ (ಹೊಗೆಯಿಂದ ಸ್ವಲ್ಪ ದೂರ ಇಡುವ ತುಂಡು) ಕೂರಿಸಿದರೆ ಕನ್ವರ್ಟರ್ ಇಲ್ಲದಿದ್ದರೂ ಸಾಮಾನ್ಯವಾಗಿ ಲೈಟ್ ಬರುವುದಿಲ್ಲ. ಕನ್ವರ್ಟರೇ ಕಿತ್ತು ಬಿಸಾಕಿ, ಪಿಕಪ್ ನೋಡಿ ಆಮೇಲೆ.

ಕೆಎ18_ಹಳೇಗಾಡಿ
ಎಮಿಷನ್ ಟೆಸ್ಟಿಗೆ ಹೋದಾಗ ಏನು ಮಾಡುತ್ತೀರಿ? ಬಿಎಸ್4 ಪೆಟ್ರೋಲ್ ಕಾರಿಗೆ ಐಡ್ಲಿಂಗಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ ದಾಟಬಾರದು, ಲ್ಯಾಂಬ್ಡಾ (ಗಾಳಿ-ಪೆಟ್ರೋಲಿನ ಹದ) 0.97ರಿಂದ 1.03ರ ಒಳಗೇ ಇರಬೇಕು. ಅವರು ಆರ್‌ಸಿ ರಿನ್ಯೂ ಮಾಡಿಸಬೇಕು ಅಂತಿದ್ದಾರೆ, ನೀವು ಕನ್ವರ್ಟರ್ ಕಿತ್ತು ಹಾಕಿ ಅಂತಿದ್ದೀರಿ. ಚೆನ್ನಾಗಿದೆ.

ಗೊರೂರು_ಡ್ಯಾಮ್
ಹೇಳಿದೆ ಅಷ್ಟೇ. ಮಾಡಿ ಅಂತ ಕೈ ಹಿಡಿದು ಎಳೆದೆನಾ?

ಸಾಲಗಾಮೆ_ರೋಡ್
ಸೆನ್ಸರ್ ಆರ್ಡರ್ ಮಾಡುತ್ತಿದ್ದೇನೆ. ಆನ್‌ಲೈನಲ್ಲಿ "ಯೂನಿವರ್ಸಲ್" ಅಂತ ಒಂದು 900 ರೂಪಾಯಿಗೆ ಇದೆ. ಕಪ್ಲರ್ ಇಲ್ಲ, ಹಳೇ ಕಪ್ಲರ್ ಕತ್ತರಿಸಿ ಜೋಡಿಸಬೇಕಂತೆ. ತೆಗೆದುಕೊಳ್ಳಲಾ?

ಮೀಟರ್_ಮೇಷ್ಟ್ರು
ಬೇಡ. ಹಳೇ ಸೆನ್ಸರಿನ ಮೇಲೆ ಪಾರ್ಟ್ ನಂಬರ್ ಇರುತ್ತದೆ, ಅದೇ ನಂಬರಿನದ್ದು ಕಪ್ಲರ್ ಸಮೇತ ಸಿಗುತ್ತದೆ. ಸೆನ್ಸರ್ ಹೋಲಿಸಿ ನೋಡಲು ಹೊರಗಿನ ಗಾಳಿ ಬೇಕು. ಎಷ್ಟೋ ಸೆನ್ಸರಲ್ಲಿ ಆ ಗಾಳಿ ವೈರಿನ ಎಳೆಗಳ ಸಂದಿಯಿಂದಲೇ ಒಳಗೆ ಹೋಗುತ್ತದೆ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕಪ್ಲರಿಗೆ ಗ್ರೀಸ್ ಮೆತ್ತುವುದೂ ಅದಕ್ಕೇ ಬೇಡ ಅನ್ನುವುದು.

ಆಲೂರು_ಆಲೂಗಡ್ಡೆ
ವೈರ್ ಉಸಿರಾಡುತ್ತದೆ ಅಂತ ಇವತ್ತು ಗೊತ್ತಾಯಿತು.

ಕೆಎ18_ಹಳೇಗಾಡಿ
900 ರೂಪಾಯಿಯದ್ದು ನಾನು ಹಾಕಿಸಿ ನೋಡಿದ್ದೇನೆ. ಡಬ್ಬ ಒರಿಜಿನಲ್ ಥರಾನೇ ಇತ್ತು, ಅಕ್ಷರ ಒಂದು ತಪ್ಪಾಗಿತ್ತು. ನಾಲ್ಕು ತಿಂಗಳು ಬಂತು. ಆಮೇಲೆ ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಲ್ಲಿ ಸರಿಯಾದದ್ದು ತಂದೆ.

ಸಾಲಗಾಮೆ_ರೋಡ್
ಸರಿ, ಒರಿಜಿನಲ್ಲೇ ತರಿಸಿದೆ. 3,400 ಆಯಿತು. ಇವತ್ತು ಭಾನುವಾರ, ಬೆಳಿಗ್ಗೆ ಎಂಟಕ್ಕೆ ಕೂತೆ. ವರದಿ ಹೀಗಿದೆ.

ಸೆನ್ಸರ್ ಕದಲಲಿಲ್ಲ. 22ರ ಓಪನ್ ಸ್ಪ್ಯಾನರ್ ಹಾಕಿ ಎಳೆದೆ, ಜಾರಿತು, ಬೆರಳಿನ ಗೆಣ್ಣು ಹೀಟ್ ಶೀಲ್ಡಿಗೆ ಹೊಡೆದು ರಕ್ತ. ಇನ್ನೊಮ್ಮೆ ಎಳೆದೆ, ಸೆನ್ಸರಿನ ಮೂಲೆ ಸವೆಯುವ ಹಾಗೆ ಕಂಡಿತು, ನಿಲ್ಲಿಸಿದೆ. ಅಷ್ಟರಲ್ಲಿ ಮಳೆ. ಈ ನವೆಂಬರಲ್ಲಿ ಯಾವ ಮಳೆ ಇದು? ಮನೆಯವರು ಕಿಟಕಿಯಿಂದ ನೋಡಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ಕೊಪ್ಪದ_ಮಳೆ
ಮಳೆ ವಿಷಯ ಎತ್ತಬೇಡಿ. ನಮ್ಮ ಕಣದಲ್ಲಿ ಅಡಿಕೆ, ಕಾಫಿ ಎರಡೂ ಟಾರ್ಪಾಲ್ ಕೆಳಗೆ ಇವೆ.

ರೊಬಸ್ಟಾ_ರಾಣಿ
ನಮ್ಮದೂ ಅದೇ ಕಥೆ. ಹಣ್ಣು ಕುಯ್ದು ಹಾಕಿದ ದಿನವೇ ಹೊಡೆಯಿತು.

ಸಾಲಗಾಮೆ ಅವರೇ, ನಿಲ್ಲಿಸಿದ್ದು ಒಳ್ಳೆಯದಾಯಿತು. ಮಲೆನಾಡಿನ ಗಾಡಿಯಲ್ಲಿ ಇದೇ ಗೋಳು. ಆ ಥ್ರೆಡ್ ದಿನಾ ಕಾಯುತ್ತದೆ, ದಿನಾ ನೀರು ಕುಡಿಯುತ್ತದೆ. ನಾನು ಮಾಡಿದ್ದು ಹೀಗೆ. ಹಿಂದಿನ ರಾತ್ರಿ ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ತುಕ್ಕು ಬಿಡಿಸುವ ಸ್ಪ್ರೇ ಬುಡಕ್ಕೆ ಹೊಡೆದು ಬಿಟ್ಟೆ. ಬೆಳಿಗ್ಗೆ ಇನ್ನೊಮ್ಮೆ. ಆಮೇಲೆ ಐದು ನಿಮಿಷ ಎಂಜಿನ್ ಓಡಿಸಿ ಆರಿಸಿ, ಮುಟ್ಟಿದರೆ ಸುಡುವಷ್ಟಲ್ಲದೆ ಬಿಸಿ ಉಳಿದಿರುವಾಗ ದಪ್ಪ ಕೈಗವಸು ಹಾಕಿ ಬಿಚ್ಚಿದೆ. ಬಿಸಿಗೆ ಲೋಹ ಹಿಗ್ಗಿ ಹಿಡಿತ ಬಿಡುತ್ತದೆ. ಸ್ಪ್ರೇ ಹೊಡೆದ ಮೇಲೆ ಎಂಜಿನ್ ಓಡಿಸಿದರೆ ಹೊಗೆ ಬರುತ್ತದೆ, ಗಾಬರಿ ಬೇಡ, ಆದರೆ ಶೆಡ್ಡಿನ ಒಳಗೆ ಮಾಡಬೇಡಿ.

ಓಪನ್ ಸ್ಪ್ಯಾನರ್ ಬಿಸಾಕಿ. ಇದಕ್ಕೇ ಅಂತ ಪಕ್ಕ ಸೀಳಿರುವ 22ರ ಸಾಕೆಟ್ ಬರುತ್ತದೆ. ವೈರ್ ಆ ಸೀಳಿನಿಂದ ಹೊರಗೆ ಬರುತ್ತದೆ, ಸಾಕೆಟ್ ಪೂರ್ತಿ ಹಿಡಿಯುತ್ತದೆ.

ಸ್ಪ್ಯಾನರ್_13
ಹೇಗಿದ್ದರೂ ಹಳೇ ಸೆನ್ಸರ್ ಬಿಸಾಕುವುದೇ ತಾನೇ. ಸಾಕೆಟ್ ಸಿಗದಿದ್ದರೆ ವೈರ್ ಕತ್ತರಿಸಿ ರಿಂಗ್ ಸ್ಪ್ಯಾನರ್ ತೂರಿಸಿ. ನಾವು ಮಾಡುವುದೇ ಅದು. ಆದರೆ ಹೊಸದನ್ನು ಕೈಯಲ್ಲಿ ಇಟ್ಟುಕೊಂಡೇ ಕತ್ತರಿಸಿ.

ಮೀಟರ್_ಮೇಷ್ಟ್ರು
ಸೀಳಿನ ಸಾಕೆಟ್ ನನ್ನ ಹತ್ತಿರ ಇದೆ. ಮಂಗಳವಾರ ನಮ್ಮ ಹುಡುಗ ಹಾಸನಕ್ಕೆ ಬರುತ್ತಾನೆ, ಬಸ್ ಸ್ಟ್ಯಾಂಡಲ್ಲಿ ಕೊಟ್ಟು ಕಳಿಸುತ್ತೇನೆ.

ಹೊಸದು ಹಾಕುವಾಗ ಕೆಲವು ಮಾತು. ನೆಲಕ್ಕೆ ಬೀಳಿಸಬೇಡಿ, ಒಳಗೆ ಪಿಂಗಾಣಿ. ಥ್ರೆಡ್ಡಿಗೆ ಸಾಮಾನ್ಯವಾಗಿ ಕಂಪನಿಯಿಂದಲೇ ಆ್ಯಂಟಿ ಸೀಜ್ (ಥ್ರೆಡ್ ಹಿಡಿದುಕೊಳ್ಳದಂತೆ ತಡೆಯುವ) ಪೇಸ್ಟ್ ಹಚ್ಚಿ ಬಂದಿರುತ್ತದೆ, ತುದಿಗೆ ಅದು ತಗಲಬಾರದು. ಸಿಲಿಕೋನ್ ಗ್ಯಾಸ್ಕೆಟ್ ಪೇಸ್ಟ್ ಹತ್ತಿರವೂ ತರಬೇಡಿ, ಅದರ ಆವಿಯೇ ಸೆನ್ಸರಿಗೆ ವಿಷ. ಮೊದಲ ನಾಲ್ಕೈದು ಸುತ್ತು ಬರೀ ಕೈಯಲ್ಲಿ. ಕೈಗೆ ಬಿಗಿ ಅನ್ನಿಸಿದರೆ ಒತ್ತಬೇಡಿ, ಹಿಂದಕ್ಕೆ ತಿರುಗಿಸಿ. 18 ಎಂಎಂ, 1.5 ಪಿಚ್ಚಿನ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಓಡಿಸಿದರೆ ತುಕ್ಕು ಬಿಡುತ್ತದೆ. ಟಾರ್ಕ್ ರೆಂಚ್ ಇದ್ದರೆ ಸುಮಾರು 45 ನ್ಯೂಟನ್ ಮೀಟರ್. ವೈರ್ ಹಳೇ ಕ್ಲಿಪ್ಪಿಗೇ ಸಿಕ್ಕಿಸಿ, ಸೈಲೆನ್ಸರಿಗೆ ತಾಗಿದರೆ ಕರಗುತ್ತದೆ. ಗಾಡಿ ಕೆಳಗೆ ಹೋಗಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ.

ಸಾಲಗಾಮೆ_ರೋಡ್
ಮೇಷ್ಟ್ರೇ, ನೀವು ಯಾರೋ ನಾನು ಯಾರೋ. ಏನು ಹೇಳಬೇಕೋ ತಿಳಿಯುತ್ತಿಲ್ಲ.

ಮೂಡಿಗೆರೆ_ಜೀಪು
ಅವರು ನನ್ನ ಗ್ರೀಸ್ ಗನ್ ತೆಗೆದುಕೊಂಡು ಹೋಗಿ ಎರಡು ವರ್ಷ ಆಯಿತು, ಅದನ್ನೂ ಸ್ವಲ್ಪ ಕೇಳಿ.

ಮೀಟರ್_ಮೇಷ್ಟ್ರು
ಅದು ಕೊಟ್ಟಾಗಲೇ ಲೀಕ್ ಇತ್ತು.

ಹೊಸಬ_ಹಾಸನ್
ಸೆನ್ಸರ್ ಯಾಕೆ ಹೋಗುತ್ತದೆ? ನನ್ನದು 2016ರ ಗಾಡಿ, ಭಯ ಆಗುತ್ತಿದೆ.

ಸ್ಪ್ಯಾನರ್_13
ಭಯ ಬೇಡ. ಲಕ್ಷ ಕಿಲೋಮೀಟರ್ ದಾಟಿಯೂ ಓಡುವವು ಬೇಕಾದಷ್ಟಿವೆ. ಎಂಜಿನ್ ಆಯಿಲ್ ಸುಡುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಒಳಗೆ ಇಳಿಯುತ್ತಿದ್ದರೆ ಬೇಗ ಹೋಗುತ್ತದೆ. ಇನ್ನೊಂದು ವಿಷಯ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದು ಸೆನ್ಸರ್ ತಪ್ಪು ಲೆಕ್ಕ ಹೇಳುತ್ತದೆ. ಪಿ0171 (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅನ್ನುವ ಕೋಡ್) ಬಂತು ಅಂತ ಸೆನ್ಸರ್ ಬದಲಾಯಿಸಿ, ಆಮೇಲೆ ನೋಡಿದರೆ ಬರೀ ಗ್ಯಾಸ್ಕೆಟ್. ನಾನೇ ಮಾಡಿದ್ದೇನೆ, ಶುರುವಿನ ವರ್ಷಗಳಲ್ಲಿ. ಗಿರಾಕಿಗೆ ದುಡ್ಡು ವಾಪಸ್ ಕೊಟ್ಟೆ.

ಸಾಲಗಾಮೆ_ರೋಡ್
ಆಯಿತು!! ಮಂಗಳವಾರ ರಾತ್ರಿ ಸ್ಪ್ರೇ ಹೊಡೆದೆ, ಬುಧವಾರ ಬೆಳಿಗ್ಗೆ ಇನ್ನೊಮ್ಮೆ, ಎಂಜಿನ್ ಬೆಚ್ಚಗೆ ಮಾಡಿದೆ, ಮೇಷ್ಟ್ರ ಸಾಕೆಟ್ ಹಾಕಿ ಉದ್ದ ಹಿಡಿ ತೂರಿಸಿ ಒಂದೇ ಎಳೆತ. ಟಕ್ ಅಂತ ಸದ್ದು ಬಂತು. ಮುರಿದೇ ಹೋಯಿತು ಅಂದುಕೊಂಡು ಎರಡು ನಿಮಿಷ ಸುಮ್ನೆ ಕೂತಿದ್ದೆ. ನೋಡಿದರೆ ಸೆನ್ಸರ್ ತಿರುಗಿದೆ. ಹೊಸದು ಕೈಯಲ್ಲೇ ಸಲೀಸಾಗಿ ಕೂತಿತು. ಬಿಚ್ಚುವುದಕ್ಕೆ ನಾಲ್ಕು ದಿನ, ಹಾಕುವುದಕ್ಕೆ ಹತ್ತು ನಿಮಿಷ.

ಪಕ್ಕದ ಮನೆ ಹುಡುಗನ ಬ್ಲೂಟೂತ್ ಒಬಿಡಿ ಅಡಾಪ್ಟರ್ (ಕೋಡ್ ಓದುವ ಸಾಧನ) ಹಾಕಿ ಕೋಡ್ ಅಳಿಸಿದೆ, ವಾಪಸ್ ಬಂದಿಲ್ಲ. ಮುಂದಿನ ಸೆನ್ಸರ್ 0.1ರಿಂದ 0.8ಕ್ಕೆ ಏರಿ ಇಳಿಯುತ್ತಾ ಕುಣಿಯುತ್ತಿದೆ, ಹಿಂದಿನದ್ದು 0.6 ಹತ್ತಿರ ಸುಮ್ಮನಿದೆ. ಇದು ಸರಿ ತಾನೇ?

ಮೀಟರ್_ಮೇಷ್ಟ್ರು
ಮುಂದಿನದು ಕುಣಿಯಬೇಕು, ಹಿಂದಿನದು ಸುಮ್ಮನಿರಬೇಕು. ಎರಡೂ ಕುಣಿದರೆ ಕನ್ವರ್ಟರ್ ಮೇಲೆ ಅನುಮಾನ. ನಿಮ್ಮದು ಬದುಕಿದೆ.

ಅರಸೀಕೆರೆ_ತೆಂಗು
ಮೈಲೇಜ್ ಎಷ್ಟು ಬಂತು ಅದು ಹೇಳಿ ಮೊದಲು.

ಸಾಲಗಾಮೆ_ರೋಡ್
ಎರಡು ಟ್ಯಾಂಕ್ ಆಯಿತು. ಮೊದಲನೆಯದು 14.8, ಎರಡನೆಯದು 15.3. ಫುಲ್ ಟು ಫುಲ್ ಲೆಕ್ಕ, ಒಂದೇ ಬಂಕ್.

ಅರಸೀಕೆರೆ_ತೆಂಗು
ನೋಡಿದಿರಾ, 16 ಬರಲಿಲ್ಲ. ಉಳಿದದ್ದು ಇ20.

ಕೆಎ18_ಹಳೇಗಾಡಿ
ನಾನು ಹೇಳಿದ ಮೂರ್ನಾಲ್ಕು ಶೇಕಡಾ ಹತ್ತಿರವೇ ಇದೆ ಅಲ್ವಾ ಮಾರಾಯ್ರೆ? ಇಬ್ಬರೂ ಗೆದ್ದೆವು, ಬಿಡಿ.

ಬೇಲೂರು_ಬೈಪಾಸ್
ಆದರೂ ಬಾನೆಟ್ಟಿನ ಒಳಗೆ ನುಸಿಗುಳಿಗೆ ಇಡಿ. ಈಗ ಇಲ್ಲ ಅಂದರೆ ಬರುವುದೇ ಇಲ್ಲ ಅಂತಲ್ಲ.

ಮೀಟರ್_ಮೇಷ್ಟ್ರು
ಸಾಕೆಟ್ಟು?

ಸಾಲಗಾಮೆ_ರೋಡ್
ಅಯ್ಯೋ, ಗಾಡಿಯಲ್ಲೇ ಇದೆ ಮೇಷ್ಟ್ರೇ. ಭಾನುವಾರ ಮನೆಯವರನ್ನು ಕರೆದುಕೊಂಡು ಬೇಲೂರಿಗೆ ಬರುತ್ತಿದ್ದೇನೆ, ದೇವಸ್ಥಾನದ ಹತ್ತಿರ ಸಿಗುತ್ತೀರಾ?

ಮೂಡಿಗೆರೆ_ಜೀಪು
ನಾನೂ ಬರುತ್ತೇನೆ. ಗ್ರೀಸ್ ಗನ್ ತರಲು ಹೇಳಿ.